ಕಪ್ಪು ಒಂದರ ಶ್ರುತಿಯಲ್ಲಿ ಬೆಥೋವನ್: ಪಿಯಾನೋ ಧ್ವನಿಮುದ್ರಣವನ್ನು ಅಳೆದು ಕೇಳುವ ಬಗೆ

ಮೊಬೈಲಿನ ಆ್ಯಪ್‌ಗೆ ಯಾವುದೇ ಧ್ವನಿಮುದ್ರಣ ಕೇಳಿಸಿದರೆ ಅದು ಕ್ಷಣದಲ್ಲಿ ಮೂರು ಉತ್ತರ ಕೊಡುತ್ತದೆ: ನಿಮಿಷಕ್ಕೆ ಇಷ್ಟು ಪೆಟ್ಟು, ಇಂಥ ಸ್ಕೇಲ್, ಇಂಥ ಭಾವ. ಚಿತ್ರಗೀತೆಗೆ ಈ ಉತ್ತರಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಸಂಗೀತದಲ್ಲಿ ಮಾತ್ರ ಮೂರೂ ತಪ್ಪಬಹುದು, ಅಥವಾ ಮೂರೂ ಸರಿಯಿದ್ದು ನಿಮಗೆ ಏನನ್ನೂ ತಿಳಿಸದೆ ಹೋಗಬಹುದು. ಕರ್ನಾಟಕ ಸಂಗೀತದ ಪಾಠದಿಂದ ಪಿಯಾನೋ ಕಡೆಗೆ ಬಂದವಳು ನಾನು. ಕೈಯಲ್ಲಿ ತಾಳ ಹಾಕುವುದು, ಷಡ್ಜ ಹಿಡಿಯುವುದು, ಗಾಂಧಾರ ಯಾವುದೆಂದು ಗುರುತಿಸುವುದು ಇಷ್ಟು ಬಂದರೆ ಸಾಕು, ಆ್ಯಪ್ ಕೊಡುವುದಕ್ಕಿಂತ ಗಟ್ಟಿಯಾದ ಉತ್ತರ ನಿಮ್ಮ ಕಿವಿಯೇ ಕೊಡುತ್ತದೆ ಎಂಬುದು ನನ್ನ ಅನುಭವ. ಆ ಬಗೆಯನ್ನು ಒಂದೇ ಒಂದು ಕೃತಿಯನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ.

ಕೃತಿ ನಿಮಗೆ ಗೊತ್ತಿರುವುದೇ: ಬೆಥೋವನ್ನನ 'ಮೂನ್‌ಲೈಟ್ ಸೊನಾಟಾ', ಅಂದರೆ ಮೂರು ಭಾಗಗಳ ಪಿಯಾನೋ ಕೃತಿ, ಅದರ ಮೊದಲ ಭಾಗ. ಜಾಹೀರಾತಿನಲ್ಲೋ ಸಿನಿಮಾದಲ್ಲೋ ಅದರ ತುಣುಕು ಕೇಳದವರು ಕಡಿಮೆ. 1801ರಲ್ಲಿ ರಚನೆಯಾಗಿ 1802ರಲ್ಲಿ ವಿಯೆನ್ನಾದಲ್ಲಿ ಅಚ್ಚಾದ ಕೃತಿ ಇದು. ಓಪಸ್ (ಕೃತಿಗಳ ಕ್ರಮಸಂಖ್ಯೆ) 27, ಸಂಖ್ಯೆ 2. ಬೆಥೋವನ್ ಇದನ್ನು ಜೂಲಿಯೆಟ್ಟಾ ಗ್ವಿಚ್ಚಾರ್ಡಿ ಎಂಬ ಶಿಷ್ಯೆಗೆ ಅರ್ಪಿಸಿದ. ಬೆಳದಿಂಗಳಿನ ಹೆಸರು ಅವನು ಇಟ್ಟದ್ದಲ್ಲ. 'ಕಲ್ಪನಾವಿಹಾರದಂಥ ಸೊನಾಟಾ' ಎಂಬರ್ಥದ ಇಟಾಲಿಯನ್ ಮಾತನ್ನಷ್ಟೇ ಅವನು ಶೀರ್ಷಿಕೆಯಲ್ಲಿ ಬರೆದಿದ್ದ. ಬೆಳದಿಂಗಳು ಬಂದದ್ದು ಲುಡ್ವಿಗ್ ರೆಲ್‌ಸ್ಟಾಬ್ ಎಂಬ ವಿಮರ್ಶಕ ಇದನ್ನು ಬೆಳದಿಂಗಳಿನ ಸರೋವರಕ್ಕೆ ಹೋಲಿಸಿದ್ದರಿಂದ. ಭಾವದ ವಿಚಾರಕ್ಕೆ ಬಂದಾಗ ಈ ಹೆಸರು ನಮ್ಮ ಕಿವಿಗೆ ಎಷ್ಟು ಅಡ್ಡ ಬರುತ್ತದೆ ಎಂದು ನೋಡೋಣ.

ಕೇಳುವ ಮೊದಲು

ಬೇಕಾದದ್ದು ಇಷ್ಟೇ: ಒಳ್ಳೆಯ ಇಯರ್‌ಫೋನ್, ಮೊಬೈಲಿನ ಸ್ಟಾಪ್‌ವಾಚ್, ಒಂದು ಶ್ರುತಿಪೆಟ್ಟಿಗೆ ಅಥವಾ ತಂಬೂರಿಯ ಆ್ಯಪ್, ಕಾಗದ, ಪೆನ್ಸಿಲ್. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಇನ್ನೂ ಒಳ್ಳೆಯದು. ಸ್ಟಾಫ್ ಲಿಪಿಯ, ಅಂದರೆ ಪಾಶ್ಚಾತ್ಯ ಸ್ವರಲಿಪಿಯ ಪುಸ್ತಕ ಮೊದಲ ದಿನ ಬೇಡ.

ಧ್ವನಿಮುದ್ರಣ ಆರಿಸುವಾಗ ಎಚ್ಚರ ಬೇಕು. ಈ ಹೆಸರಿನಲ್ಲಿ ಅಂತರ್ಜಾಲದಲ್ಲಿ ಸಿಗುವ ಎಷ್ಟೋ ಕಡತಗಳು ಅರ್ಧಕ್ಕೆ ಕತ್ತರಿಸಿದವು, ನಿದ್ದೆಗೆಂದು ನಿಧಾನಗೊಳಿಸಿದವು, ಹಿಂದೆ ಮಳೆಯ ಸದ್ದು ಸೇರಿಸಿದವು. ನುಡಿಸಿದವರ ಹೆಸರಿಲ್ಲದ ಕಡತವನ್ನು ಅಭ್ಯಾಸಕ್ಕೆ ಬಳಸಬೇಡಿ. ಪಿಯಾನೋ ವಾದಕ ವಿಲ್ಹೆಲ್ಮ್ ಕೆಂಪ್ಫ್ 1960ರ ದಶಕದಲ್ಲಿ ಮಾಡಿದ ಸ್ಟೀರಿಯೋ ಮುದ್ರಣ ಮೊದಲಿಗೆ ತುಂಬಾ ಅನುಕೂಲ. ಪ್ರತಿಯೊಂದು ಸ್ವರವೂ ತನ್ನಷ್ಟಕ್ಕೆ ಕೇಳಿಸುತ್ತದೆ. ಆರ್ಟುರ್ ಶ್ನಾಬೆಲ್ 1932ರಿಂದ 1935ರವರೆಗೆ ಲಂಡನ್ನಿನಲ್ಲಿ ಬೆಥೋವನ್ನನ 32 ಸೊನಾಟಾಗಳನ್ನೂ ಮುದ್ರಿಸಿದರು. ಎಲ್ಲವನ್ನೂ ಹಾಗೆ ಮುದ್ರಿಸಿದವರಲ್ಲಿ ಅವರೇ ಮೊದಲಿಗರು. ಆ ಹಳೆಯ ತಟ್ಟೆಗಳಲ್ಲಿ ಸೂಜಿಯ ಸರಸರ ಇದ್ದರೂ ಪರವಾಗಿಲ್ಲ. ಆಂಡ್ರಾಶ್ ಷಿಫ್ ಅವರ ಮುದ್ರಣವನ್ನು ಹೋಲಿಕೆಗೆಂದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಮೊದಲ ಸಲ ಏನನ್ನೂ ಅಳೆಯದೆ ಕೇಳಿ. ಕಣ್ಣು ಮುಚ್ಚಿ, ಕೊನೆಯವರೆಗೆ. ಮುಗಿದ ಮೇಲೆ ಭಾವದ ಬಗ್ಗೆ ಒಂದೇ ಒಂದು ಪದ ಬರೆದು, ಕಾಗದ ಮಡಿಚಿಡಿ. ಕೊನೆಯಲ್ಲಿ ಅದು ಬೇಕಾಗುತ್ತದೆ.

ಕಾಲಪ್ರಮಾಣ: ಯಾವ ಪೆಟ್ಟನ್ನು ಎಣಿಸುತ್ತೀರಿ?

ಕೃತಿ ಶುರುವಾದ ಕೂಡಲೇ ಬಲಗೈಯಲ್ಲಿ ಮೂರು ಮೂರು ಸ್ವರಗಳ ಅಲೆ ಕೇಳಿಸುತ್ತದೆ. ಬಾಯಲ್ಲಿ 'ತಕಿಟ ತಕಿಟ' ಎಂದು ಹೇಳಿಕೊಳ್ಳಿ, ಸರಿಯಾಗಿ ಕೂರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ತಿಶ್ರ ನಡೆ. ಒಂದು ತಕಿಟಕ್ಕೆ ಒಂದು ಪೆಟ್ಟು, ನಾಲ್ಕು ತಕಿಟ ಸೇರಿದರೆ ಒಂದು ಬಾರ್. ಬಾರ್ ಎಂದರೆ ಸದ್ಯಕ್ಕೆ ಒಂದು ಆವರ್ತವೆಂದು ತಿಳಿಯಿರಿ. ಒಂದು ಬಾರ್‌ಗೆ ಹನ್ನೆರಡು ಸ್ವರಗಳು ಹೀಗೆ ಉರುಳುತ್ತಲೇ ಇರುತ್ತವೆ. ಮೊದಲ ಭಾಗದ ಉದ್ದಕ್ಕೂ ಈ ಅಲೆ ಹೆಚ್ಚುಕಡಿಮೆ ನಿಲ್ಲುವುದೇ ಇಲ್ಲ.

ಈಗ ಎಣಿಸಿ. ಪ್ರತಿ 'ತ'ಕ್ಕೆ ತೊಡೆಯ ಮೇಲೆ ಒಂದು ಪೆಟ್ಟು ಹಾಕುತ್ತಾ 15 ಸೆಕೆಂಡಿನಲ್ಲಿ ಎಷ್ಟು ಬಂತೆಂದು ನೋಡಿ, ನಾಲ್ಕರಿಂದ ಗುಣಿಸಿ. ಹನ್ನೆರಡೂವರೆ ಬಂದರೆ ನಿಮಿಷಕ್ಕೆ 50. ಇದನ್ನು ಮೂರು ಕಡೆ ಮಾಡಿ: ಶುರುವಿನಲ್ಲಿ, ನಡುವೆ, ಕೊನೆಯ ಹತ್ತಿರ. ಮೂರು ಬೇರೆ ಬೇರೆ ಸಂಖ್ಯೆ ಬಂದರೆ ನೀವು ತಪ್ಪಿದಿರಿ ಎಂದುಕೊಳ್ಳಬೇಡಿ. ಇಲ್ಲಿ ಮೃದಂಗವೂ ಇಲ್ಲ, ತಾಳ ಹಾಕುವವರೂ ಇಲ್ಲ. ವಾದಕರು ಒಂದು ಸಾಲಿನ ಕೊನೆಯಲ್ಲಿ ಸ್ವಲ್ಪ ನಿಧಾನಿಸಿ ಮುಂದಿನ ಸಾಲಿನಲ್ಲಿ ಮತ್ತೆ ಲಯಕ್ಕೆ ಬರುತ್ತಾರೆ. ಆ ವ್ಯತ್ಯಾಸವನ್ನೂ ಬರೆದುಕೊಳ್ಳಿ.

ಸರಾಸರಿ ಬೇಕಿದ್ದರೆ ಇದಕ್ಕಿಂತ ನಿಖರವಾದ ದಾರಿ ಇದೆ. ಈ ಭಾಗದಲ್ಲಿ ಒಟ್ಟು 69 ಬಾರ್‌ಗಳಿವೆ. ಬಾರ್‌ಗೆ ನಾಲ್ಕು ಪೆಟ್ಟಿನಂತೆ 276 ಪೆಟ್ಟು. ಧ್ವನಿಮುದ್ರಣದ ಅವಧಿಯಲ್ಲಿ ಶುರುವಿನ ಮೌನವನ್ನೂ ಕೊನೆಯ ಮೌನವನ್ನೂ ಕಳೆದು, ಉಳಿದ ಸೆಕೆಂಡುಗಳಿಂದ 276ನ್ನು ಭಾಗಿಸಿ, 60ರಿಂದ ಗುಣಿಸಿ. ಐದೂವರೆ ನಿಮಿಷದ ಮುದ್ರಣವಾದರೆ 330 ಸೆಕೆಂಡು, ಉತ್ತರ 50. ಆರು ನಿಮಿಷ ತೆಗೆದುಕೊಂಡವರದು 46. ನಾಲ್ಕೂವರೆ ನಿಮಿಷದಲ್ಲಿ ಮುಗಿಸಿದವರದು 61. ಕೊನೆಯ ಸ್ವರಗುಚ್ಛವನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪನ್ನು, ವಾದಕರು ತಮಗೆ ಬೇಕಾದಷ್ಟು ಹೊತ್ತು ಹಿಡಿಯುವುದರಿಂದ ಒಂದೆರಡು ಅಂಕೆ ಆಚೀಚೆ ಆಗಬಹುದು, ಅಷ್ಟೇ. ಬಾರ್‌ಗಳ ಸಂಖ್ಯೆ ಗೊತ್ತಿರುವ ಯಾವ ಕೃತಿಗೂ ಈ ಲೆಕ್ಕ ನಡೆಯುತ್ತದೆ, ನಡುವೆ ತಾಳ ಬದಲಾಗದಿದ್ದರೆ ಮತ್ತು ಪುನರಾವರ್ತನೆಗಳನ್ನು ಸೇರಿಸಿಕೊಂಡರೆ.

ಆ್ಯಪ್ ಎಡವುವುದು ಇಲ್ಲಿಯೇ. ಇದೇ ಮುದ್ರಣಕ್ಕೆ ಅದು 150 ಎಂದು ಹೇಳಬಹುದು, ಏಕೆಂದರೆ ತಕಿಟದ ಮೂರೂ ಅಕ್ಷರಗಳನ್ನು ಪೆಟ್ಟೆಂದು ಎಣಿಸಿದರೆ 50 ಮೂರು ಪಟ್ಟಾಗುತ್ತದೆ. 100 ಎನ್ನಬಹುದು, 75 ಎನ್ನಬಹುದು. ಲೆಕ್ಕದಲ್ಲಿ ಎಲ್ಲಕ್ಕೂ ಆಧಾರವಿದೆ; ಆದರೆ 150 ಎಂಬ ಸಂಖ್ಯೆ ನೋಡಿ ಇದು ಚುರುಕಾದ ಕೃತಿ ಎಂದುಕೊಂಡರೆ ಎಲ್ಲ ಕೆಟ್ಟಿತು. ಯಂತ್ರದ ಸಂಖ್ಯೆ ಕಂಡಾಗ ಅದನ್ನು ಒಂದೂವರೆಯಿಂದ, ಎರಡರಿಂದ, ಮೂರರಿಂದ ಭಾಗಿಸಿ ನೋಡಿ; ನಿಮ್ಮ ಕೈ ಹಾಕಿದ ಪೆಟ್ಟಿಗೆ ಯಾವುದು ಹೊಂದುತ್ತದೋ ಅದನ್ನೇ ಉಳಿಸಿಕೊಳ್ಳಿ.

ಇನ್ನೂ ಒಂದು ಸೂಕ್ಷ್ಮವಿದೆ, ನನಗೆ ಈ ಕೃತಿಯಲ್ಲಿ ಬಹಳ ಮುಖ್ಯವೆನಿಸಿದ್ದು ಅದೇ. ಬೆಥೋವನ್ ಮೇಲೆ ಬರೆದ ಸೂಚನೆ 'ಅಡಾಜಿಯೋ ಸೊಸ್ತೆನೂತೊ', ಅಂದರೆ ನಿಧಾನವಾಗಿ, ಸ್ವರಗಳನ್ನು ಹಿಡಿದು ನಿಲ್ಲಿಸಿ. ಆದರೆ ತಾಳದ ಚಿಹ್ನೆಯಲ್ಲಿ ಬಾರ್‌ಗೆ ನಾಲ್ಕಲ್ಲ, ಎರಡೇ ಪೆಟ್ಟು ಎಂದು ಸೂಚಿಸಿದ್ದಾನೆ. ಹಲವು ಹಳೆಯ ಮುದ್ರಣಗಳಲ್ಲಿ ಚಿಹ್ನೆಯ ಮೇಲಿನ ಅಡ್ಡಗೆರೆ ಬಿಟ್ಟುಹೋಗಿ ಅದು ನಾಲ್ಕಾಗಿತ್ತು. ಎರಡು ಪೆಟ್ಟಿನ ಲೆಕ್ಕದಲ್ಲಿ ಎರಡು ತಕಿಟಗಳು ಒಂದೇ ಉಸಿರಿಗೆ ಸೇರುತ್ತವೆ. ಆಗ ಇದು ಒಂದೊಂದೇ ಹೆಜ್ಜೆಯನ್ನು ಎಳೆದೆಳೆದು ಇಡುವ ನಡಿಗೆಯಾಗದೆ, ನಿಧಾನವಾದರೂ ಮುಂದಕ್ಕೆ ಹೋಗುತ್ತಿರುವ ಮೆರವಣಿಗೆಯಾಗುತ್ತದೆ. ಷಿಫ್ ಚುರುಕಾಗಿ ನುಡಿಸುವುದು ಈ ಕಾರಣಕ್ಕೆ. ಆದ್ದರಿಂದ ಟಿಪ್ಪಣಿಯಲ್ಲಿ ಸಂಖ್ಯೆಯ ಜೊತೆಗೆ ಇದನ್ನೂ ಬರೆಯಿರಿ: ಕೇಳುತ್ತಾ ನಿಮ್ಮ ತಲೆ ಬಾರ್‌ಗೆ ಎರಡು ಸಲ ತೂಗಿತೇ, ನಾಲ್ಕು ಸಲವೇ?

'ಹಾಗಾದರೆ ಬೆಥೋವನ್ನನಿಗೆ ಬೇಕಿದ್ದ ವೇಗ ಎಷ್ಟು' ಎಂದು ಕೇಳಬಹುದು. 1801ರಲ್ಲಿ ಮೆಲ್ಜೆಲನ ಮೆಟ್ರೊನೋಮ್ ಎಂಬ ಲಯಮಾಪಕ ಇನ್ನೂ ಬಂದಿರಲಿಲ್ಲ. ಅದು ಬಂದ ಮೇಲೂ ಅವನು ತನ್ನ ಪಿಯಾನೋ ಸೊನಾಟಾಗಳಲ್ಲಿ ಒಂದಕ್ಕೆ ಮಾತ್ರ, ಓಪಸ್ 106ಕ್ಕೆ, ಸಂಖ್ಯೆ ಕೊಟ್ಟ. ರಚನಕಾರನೇ ನುಡಿಸಿದ ಧ್ವನಿಮುದ್ರಣ ಇದ್ದರೆ ಈ ಪ್ರಶ್ನೆಗೆ ಉತ್ತರ ಸುಲಭ. ಇಲ್ಲಿ ಮೈಸೂರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರ ಇಳಿವಯಸ್ಸಿನಲ್ಲಿ, ಕೆಟ್ಟ ಆರೋಗ್ಯದಲ್ಲಿ ಲಂಡನ್ನಿನಲ್ಲಿದ್ದಾಗ, ಸ್ವತಃ ಪಿಯಾನೋ ಕಲಿತಿದ್ದ ಜಯಚಾಮರಾಜೇಂದ್ರ ಒಡೆಯರ್ ಹಣ ಒದಗಿಸಿ ಅವರ ಕೃತಿಗಳು ಎಚ್‌ಎಂವಿ ತಟ್ಟೆಗಳಲ್ಲಿ ಬರುವಂತೆ ಮಾಡಿದರು. ಮೆಟ್ನರ್ ತಮ್ಮ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ತಾವೇ ನುಡಿಸಿದರು. ಮೂರನೆಯದನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಆ ಕೃತಿಗಳ ಕಾಲಪ್ರಮಾಣ ಏನೆಂದು ಯಾರಾದರೂ ಇಂದು ಕೇಳಿದರೆ ರಚನಕಾರನ ಬೆರಳುಗಳೇ ಉತ್ತರ ಹೇಳುತ್ತವೆ. ಬೆಥೋವನ್ನನ ವಿಷಯದಲ್ಲಿ ಆ ಭಾಗ್ಯವಿಲ್ಲ.

ಷಡ್ಜ ಹುಡುಕುವುದು

ಶ್ರುತಿ ಗುರುತಿಸಲು ಕೃತಿಯ ಕೊನೆಯಿಂದ ಶುರು ಮಾಡಿ. ಕೊನೆಯ ಸ್ವರಗುಚ್ಛ ಮೊಳಗುತ್ತಿರುವಾಗ ಅದರಡಿಯಲ್ಲಿರುವ ತಗ್ಗಿನ ಸ್ವರವನ್ನು ಬಾಯಿ ಮುಚ್ಚಿ ಗುನುಗಿ. ಮುದ್ರಣ ನಿಲ್ಲಿಸಿ, ಗುನುಗುವುದನ್ನು ನಿಲ್ಲಿಸಬೇಡಿ. ಹಾರ್ಮೋನಿಯಂನಲ್ಲಿ ಅದು ಯಾವ ಮನೆಯೆಂದು, ಅಂದರೆ ಯಾವ ಕೀಲಿಯೆಂದು ಹುಡುಕಿ. ಕಪ್ಪು ಒಂದು ಸಿಗುತ್ತದೆ. ಪಾಶ್ಚಾತ್ಯರ ಮಾತಿನಲ್ಲಿ ಸಿ ಶಾರ್ಪ್. ಯಕ್ಷಗಾನದ ಭಾಗವತರಿಗೂ ಹಾರ್ಮೋನಿಯಂ ನುಡಿಸುವವರಿಗೂ ಪರಿಚಿತವಾದ ಶ್ರುತಿಯೇ.

ಈಗ ಶುರುವಿಗೆ ಬನ್ನಿ. ಎಡಗೈಯ ತಗ್ಗಿನ ಸ್ವರಗಳನ್ನು ಮಾತ್ರ ಹಿಂಬಾಲಿಸಿ, ತಕಿಟವನ್ನು ಸದ್ಯ ಮರೆತುಬಿಡಿ. ಕಪ್ಪು ಒಂದನ್ನು ಷಡ್ಜವೆಂದು ಇಟ್ಟುಕೊಂಡರೆ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಆ ಸ್ವರಗಳು ಹೀಗೆ ಇಳಿಯುತ್ತವೆ: ಸ, ನಿ, ದ, ಮ, ಪ, ಮತ್ತೆ ಸ. ಹಾಡಿಕೊಳ್ಳಿ. ನಿಷಾದ ಕೈಶಿಕಿ, ಧೈವತ ಶುದ್ಧ, ಮಧ್ಯಮ ಶುದ್ಧ. ಇಷ್ಟು ಹಾಡಿದ ಮೇಲೆ ಈ ಸಂಗೀತ ನಿಮಗೆ ಪರಕೀಯವಾಗಿ ಉಳಿಯುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಮೇಜರ್ ಅಥವಾ ಮೈನರ್ ಎಂಬುದನ್ನು ತೀರ್ಮಾನಿಸುವುದು ಗಾಂಧಾರ. ಅಂತರ ಗಾಂಧಾರವಾದರೆ ಮೇಜರ್, ಸಾಧಾರಣ ಗಾಂಧಾರವಾದರೆ ಮೈನರ್. ಇಲ್ಲಿ ತಕಿಟದ ಮೊದಲ ಗುಂಪನ್ನೇ ಕೇಳಿ: ಪ, ಸ, ಗ. ಆ ಗಾಂಧಾರ ಸಾಧಾರಣ. ಆದ್ದರಿಂದ ಸಿ ಶಾರ್ಪ್ ಮೈನರ್.

'ಹಾಗಾದರೆ ಇದು ನಟಭೈರವಿಯೇ, ಕೀರವಾಣಿಯೇ' ಎಂಬ ಪ್ರಶ್ನೆ ನಮ್ಮವರಿಗೆ ಕೂಡಲೇ ಹೊಳೆಯುತ್ತದೆ. ಮೈನರ್‌ನ ಮೂಲ ಸ್ವರಗಳು ನಟಭೈರವಿಯವು, ನಿಷಾದವನ್ನು ಕಾಕಲಿಯಾಗಿಸಿದರೆ ಕೀರವಾಣಿ, ಇಷ್ಟು ನಿಜ. ಆದರೆ ಮೊದಲ ನಾಲ್ಕೇ ಬಾರ್‌ಗಳಲ್ಲಿ ಎರಡೂ ನಿಷಾದಗಳು ಬಂದುಹೋಗುತ್ತವೆ: ಇಳಿಯುವಾಗ ಎಡಗೈಯಲ್ಲಿ ಕೈಶಿಕಿ, ಪಂಚಮದ ಮೇಲಿನ ಸ್ವರಗುಚ್ಛದಲ್ಲಿ ಕಾಕಲಿ. ಮೂರನೆಯ ಬಾರ್‌ನ ಉತ್ತರಾರ್ಧದಲ್ಲಿ, ಚತುಶ್ರುತಿ ರಿಷಭ ಇರಬೇಕಾದ ಕಡೆ, ಶುದ್ಧ ರಿಷಭವೂ ಇಣುಕುತ್ತದೆ. ಸುಮಾರು 12ನೇ ಸೆಕೆಂಡಿಗೆ ಒಂದು ಸಣ್ಣ ಕತ್ತಲೆ ಸರಿದಂತೆ ಕೇಳಿಸುವುದು ಅದೇ. ರಾಗದ ಹೆಸರು ಹಚ್ಚಿದರೆ ಈ ಮೂರು ಸಂಗತಿಗಳೂ ಅಪಸ್ವರವೆಂದು ತೋರುತ್ತವೆ. ಸ್ವರಗಳ ಹೆಸರು ಬಳಸಿ, ರಾಗದ ಹೆಸರು ಬಿಡಿ.

ಶ್ರುತಿಪೆಟ್ಟಿಗೆಯ ಪರೀಕ್ಷೆ

ಈ ಹಂತ ನನಗೆ ಎಲ್ಲಕ್ಕಿಂತ ಪ್ರಿಯ. ತಂಬೂರಿಯ ಆ್ಯಪ್ ಅನ್ನು ಕಪ್ಪು ಒಂದರ ಸ-ಪಕ್ಕೆ ಇಟ್ಟು ತಗ್ಗಿನ ದನಿಯಲ್ಲಿ ನುಡಿಯಲು ಬಿಡಿ. ಜೊತೆಗೆ ಧ್ವನಿಮುದ್ರಣ ಹಾಕಿ. ಮುಂದೆ ಹೇಳುವ ಸಮಯಗಳೆಲ್ಲ ಐದೂವರೆ ನಿಮಿಷದ ಮುದ್ರಣಕ್ಕೆ. ನಿಮ್ಮದು ಉದ್ದವಿದ್ದರೆ ಅದೇ ಪ್ರಮಾಣದಲ್ಲಿ ಹಿಗ್ಗಿಸಿಕೊಳ್ಳಿ.

ಮೊದಲ ಅರ್ಧ ನಿಮಿಷ ತಂಬೂರಿ ಮತ್ತು ಪಿಯಾನೋ ಅನ್ಯೋನ್ಯವಾಗಿರುತ್ತವೆ. ಸುಮಾರು 38ನೇ ಸೆಕೆಂಡಿಗೆ ಪಿಯಾನೋ ಇ ಮೇಜರ್‌ಗೆ ಬಂದು ಕುಳಿತುಕೊಳ್ಳುತ್ತದೆ. ತುಸು ಬೆಳಕಾದಂತೆ ಅನಿಸುತ್ತದೆ, ತಂಬೂರಿಗೆ ಅಷ್ಟೇನೂ ವಿರೋಧವಿಲ್ಲ. ಐದು ಸೆಕೆಂಡು ಕಳೆಯುವಷ್ಟರಲ್ಲಿ ಅದು ಇ ಮೈನರ್ ಆಗುತ್ತದೆ. ಆಗ ನಿಮ್ಮ ತಂಬೂರಿಯ ಪಂಚಮ ಪಿಯಾನೋದ ಜೊತೆ ಜಗಳಕ್ಕೆ ನಿಲ್ಲುತ್ತದೆ, ಏಕೆಂದರೆ ಪಿಯಾನೋ ನುಡಿಸುತ್ತಿರುವುದು ಆ ಪಂಚಮಕ್ಕಿಂತ ಅರ್ಧ ಸ್ವರ ಕೆಳಗಿನ ಮನೆಯನ್ನು. ಮುಂದೆ ಬಿ, ಎಫ್ ಶಾರ್ಪ್ ಮೈನರ್ ಎಂದು ಷಡ್ಜವೇ ಊರೂರು ತಿರುಗುತ್ತದೆ. ನಮ್ಮಲ್ಲಿ ಗ್ರಹಭೇದ ಮಾಡಿದಾಗಲೂ, ಅಂದರೆ ಬೇರೆ ಸ್ವರವನ್ನು ಷಡ್ಜವೆಂದು ಭಾವಿಸಿದಾಗಲೂ, ತಂಬೂರಿಯ ಷಡ್ಜ ಅಲುಗುವುದಿಲ್ಲ; ಇಲ್ಲಿ ಅದೇ ಪಯಣಿಸುತ್ತದೆ. ಮೊದಲ ಸಲ ಹೀಗೆ ತಂಬೂರಿ ಹಿಡಿದು ಕೇಳಿದ ದಿನ, ಈ ಸಂಗೀತದಲ್ಲಿ 'ದೂರ ಹೋಗುವುದು', 'ಮರಳುವುದು' ಎಂಬ ಮಾತುಗಳ ಅರ್ಥ ನನಗೆ ಮೈಗೆ ತಾಕಿತು.

ಎರಡು ನಿಮಿಷ ಹತ್ತು ಸೆಕೆಂಡಿನ ಹೊತ್ತಿಗೆ ಗಮನವಿಡಿ. ಎಡಗೈಯಲ್ಲಿ ತಗ್ಗಿನ ಪಂಚಮ ಬಂದು ನಿಲ್ಲುತ್ತದೆ, ನಿಮ್ಮ ತಂಬೂರಿಯ ಪಂಚಮವೇ. ಸುಮಾರು ಒಂದು ನಿಮಿಷ ಅದು ಬಿಡುವುದಿಲ್ಲ. ಅದರ ಮೇಲೆ ಬಲಗೈಯ ಅಲೆಗಳು ಮೇಲಕ್ಕೆ ಹತ್ತಿ ಇಳಿಯುತ್ತವೆ, ಮನೆಯ ಬಾಗಿಲು ಕಂಡರೂ ಒಳಗೆ ಹೋಗಲಾಗದವರಂತೆ. ಮೂರು ನಿಮಿಷ ಹದಿನೇಳು ಸೆಕೆಂಡಿನ ಸುಮಾರಿಗೆ ಷಡ್ಜ ಸಿಗುತ್ತದೆ, ಮೊದಲಿನ ರಾಗಸಾಲು ಮರಳುತ್ತದೆ.

ಆ್ಯಪ್‌ಗಳು ಈ ಕೃತಿಗೆ ಕೆಲವೊಮ್ಮೆ ಇ ಮೇಜರ್ ಎಂದು ಹೇಳುವುದುಂಟು. ಸಿ ಶಾರ್ಪ್ ಮೈನರ್‌ಗೂ ಇ ಮೇಜರ್‌ಗೂ ಸ್ವರಗಳು ಒಂದೇ ಆಗಿರುವುದು ಕಾರಣ: ನಟಭೈರವಿಯ ಗಾಂಧಾರವನ್ನು ಷಡ್ಜ ಮಾಡಿದರೆ ಶಂಕರಾಭರಣ ಬರುವಂತೆ. ಸ್ವರಗಳ ಪಟ್ಟಿ ನೋಡಿದರೆ ವ್ಯತ್ಯಾಸ ತಿಳಿಯದು, ಷಡ್ಜದ ಮನೆ ಯಾವುದೆಂದು ಕೇಳಿದರೆ ಮಾತ್ರ ತಿಳಿಯುತ್ತದೆ.

ಶ್ರುತಿ ಹೊಂದದಿದ್ದರೆ

ಎಲ್ಲ ಸರಿಯಾಗಿ ಮಾಡಿದರೂ ನಿಮ್ಮ ಮುದ್ರಣ ಕಪ್ಪು ಒಂದಕ್ಕೂ ಬಿಳಿ ಒಂದಕ್ಕೂ ನಡುವೆ ಎಲ್ಲೋ ನಿಲ್ಲಬಹುದು. ಇಂದಿನ ಪಿಯಾನೋಗಳಲ್ಲಿ ಎ ಸ್ವರವನ್ನು 440 ಹರ್ಟ್ಸ್‌ಗೆ ಕೂಡಿಸುತ್ತಾರೆ. ಬೆಥೋವನ್ನನ ಕಾಲದ ಮಾದರಿಯ ಫೋರ್ಟೆಪಿಯಾನೋ ಬಳಸಿದ ಮುದ್ರಣಗಳಲ್ಲಿ, ರೊನಾಲ್ಡ್ ಬ್ರೌಟಿಗಾಮ್ ಅವರಂಥವರ ಮುದ್ರಣಗಳಲ್ಲಿ, ಶ್ರುತಿ ಇದಕ್ಕಿಂತ ತಗ್ಗಿನಲ್ಲಿರಬಹುದು. 430ಕ್ಕೆ ಕೂಡಿಸಿದ್ದರೆ ಸುಮಾರು 40 ಸೆಂಟ್, ಅಂದರೆ ಅರ್ಧ ಸ್ವರದ ಐದರಲ್ಲಿ ಎರಡು ಪಾಲು ಇಳಿಕೆ.

ಬೇರೆ ಕಾರಣವೂ ಇರಬಹುದು. ಹಳೆಯ ತಟ್ಟೆಯನ್ನು ಡಿಜಿಟಲ್‌ಗೆ ತರುವಾಗ ತಿರುಗುವ ವೇಗ ತಪ್ಪಿದ್ದರೆ ಕಾಲಪ್ರಮಾಣವೂ ಶ್ರುತಿಯೂ ಒಟ್ಟಿಗೆ ಬದಲಾಗುತ್ತವೆ. ವೇಗ ಶೇ. 6ರಷ್ಟು ಹೆಚ್ಚಾದರೆ ಶ್ರುತಿ ಅರ್ಧ ಸ್ವರ ಏರುತ್ತದೆ: ಕಪ್ಪು ಒಂದು ಬಿಳಿ ಎರಡಾಗುತ್ತದೆ, ಐದೂವರೆ ನಿಮಿಷದ ಮುದ್ರಣ ಐದು ನಿಮಿಷ ಹನ್ನೊಂದು ಸೆಕೆಂಡಿಗೆ ಮುಗಿಯುತ್ತದೆ. ಆದ್ದರಿಂದ ಶ್ರುತಿಯನ್ನು ಪರೀಕ್ಷಿಸದೆ ಯಾವ ವಾದಕರ ಬಗ್ಗೆಯೂ 'ಇವರು ಬೇಗ ನುಡಿಸುತ್ತಾರೆ' ಎಂದು ತೀರ್ಪು ಕೊಡಬಾರದು.

ಭಾವ: ಪದಕ್ಕಿಂತ ಮೊದಲು ಸಾಕ್ಷ್ಯ

ಮಡಿಚಿಟ್ಟ ಕಾಗದ ಈಗಲೂ ತೆರೆಯಬೇಡಿ. 'ದುಃಖ', 'ಪ್ರಶಾಂತ', 'ಪ್ರಣಯ' ಎಂಬ ಪದಗಳು ಸುಲಭವಾಗಿ ಬಾಯಿಗೆ ಬರುತ್ತವೆ, ಅದರಲ್ಲೂ ಕೃತಿಯ ಹೆಸರಿನಲ್ಲೇ ಬೆಳದಿಂಗಳಿದ್ದಾಗ. ಪದ ಬರೆಯುವ ಮುನ್ನ ಕೇಳಿಸಿದ್ದನ್ನು ಬರೆಯಿರಿ. ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು.

ದನಿ ಎಷ್ಟು ದೊಡ್ಡದು? ಇಲ್ಲಿ ಉದ್ದಕ್ಕೂ ಬಹಳ ಮೆಲ್ಲಗೆ; ಅಲ್ಲಲ್ಲಿ ಉಬ್ಬಿದರೂ ಕೂಡಲೇ ತಗ್ಗುತ್ತದೆ. ಸ್ವರಗಳು ಪಿಯಾನೋದ ಯಾವ ಭಾಗದಲ್ಲಿವೆ? ಹೆಚ್ಚಾಗಿ ನಡುವೆ ಮತ್ತು ಕೆಳಗೆ. ಮಿನುಗುವ ತಾರಸ್ಥಾಯಿ ಅಪರೂಪ.

ರಾಗಸಾಲು ಹೇಗೆ ನಡೆಯುತ್ತದೆ? ಇದು ಬಹು ಮುಖ್ಯ. ಇಪ್ಪತ್ತಮೂರನೇ ಸೆಕೆಂಡಿನ ಹೊತ್ತಿಗೆ ಮೇಲೆ ಒಂದು ದನಿ ಕೇಳಿಸುತ್ತದೆ: ಪಂಚಮ, ಮತ್ತೆ ಪಂಚಮ, ಮತ್ತೆ ಪಂಚಮ. ಒಂದೇ ಸ್ವರ, ಉದ್ದ-ಗಿಡ್ಡ-ಉದ್ದ. ಆ ಗಿಡ್ಡ ಸ್ವರ ತಕಿಟದ ಕೊನೆಯ 'ಟ'ದ ಜೊತೆಗೆ ಬೀಳುವುದಿಲ್ಲ, ಅದು ಕಳೆದ ಮೇಲೆ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಹಾಡಬಯಸಿದವರ ಹಾಡಲ್ಲ ಇದು. ಶವಯಾತ್ರೆಯ ಮುಂದೆ ಬಾರಿಸುವ ವಾದ್ಯದ ಗತ್ತು. ಎಡ್ವಿನ್ ಫಿಷರ್ ಎಂಬ ಪಿಯಾನೋ ವಾದಕ ಇದಕ್ಕೂ ಮೊಜಾರ್ಟನ 'ಡಾನ್ ಜೊವಾನ್ನಿ' ಒಪೆರಾದಲ್ಲಿ ವೃದ್ಧ ದಳಪತಿ ಇರಿತಕ್ಕೆ ಸಿಕ್ಕಿ ಸಾಯುವ ದೃಶ್ಯದ ಸಂಗೀತಕ್ಕೂ ಇರುವ ಸಾಮ್ಯವನ್ನು ಎತ್ತಿ ತೋರಿಸಿದ್ದರು. ಅಲ್ಲೂ ಇಂಥದೇ ಮೂರು ಮೂರರ ಅಲೆ. ಅದನ್ನು ಒಮ್ಮೆ ಕೇಳಿದ ಮೇಲೆ ನನಗೆ ಇಲ್ಲಿ ಸರೋವರವೂ ಕಂಡಿಲ್ಲ, ಚಂದ್ರನೂ ಕಂಡಿಲ್ಲ.

ಎಲ್ಲಿ ಸ್ವರಗಳು ಒಂದನ್ನೊಂದು ಕೊರೆಯುತ್ತವೆ? ಒಂದು ನಿಮಿಷ ಹನ್ನೆರಡು ಸೆಕೆಂಡಿನ ಆಸುಪಾಸಿಗೆ ಹೋಗಿ. ಕೆಳಗೆ ಬಿ ಸ್ವರ ನಿಂತಿದೆ, ಮೇಲೆ ಅದಕ್ಕೆ ತಾಗಿದ ಸಿ. ಆ ಬಿಯನ್ನು ಷಡ್ಜವೆಂದರೆ ಮೇಲಿನದು ಶುದ್ಧ ರಿಷಭ, ಷಡ್ಜದ ಮೈಗೆ ಒರಗಿ ನಿಂತ ರಿಷಭ. ತುಸು ಹೊತ್ತಿನಲ್ಲಿ ಇನ್ನೊಮ್ಮೆ ಬರುತ್ತದೆ. ಇಡೀ ಭಾಗದಲ್ಲಿ ಇಷ್ಟು ಬಿಚ್ಚಿಟ್ಟ ನೋವು ಬೇರೆ ಕಡೆ ಇಲ್ಲ. ಕೆಲವು ವಾದಕರು ಇದನ್ನು ಮೆತ್ತಗೆ ಮುಚ್ಚಿಬಿಡುತ್ತಾರೆ, ಕೆಲವರು ಬೆರಳೂರಿ ಕೇಳಿಸುತ್ತಾರೆ. ಒಂದು ಮುದ್ರಣದ ಭಾವ ತಿಳಿಯಲು ಈ ಹತ್ತು ಸೆಕೆಂಡು ಸಾಕೆಂದು ನನ್ನ ನಂಬಿಕೆ.

ಪೆಡಲ್ ಹೇಗಿದೆ? ಕಾಲಿನಿಂದ ಒತ್ತುವ ಇದು ಮೆತ್ತೆಗಳನ್ನು ತಂತಿಗಳಿಂದ ಎತ್ತಿ ಸ್ವರ ಮೊಳಗುತ್ತಲೇ ಇರುವಂತೆ ಮಾಡುತ್ತದೆ. ಇಡೀ ಭಾಗವನ್ನು ಅತ್ಯಂತ ನವಿರಾಗಿ, ತಂತಿಗಳನ್ನು ಅಡಗಿಸುವ ಮೆತ್ತೆಗಳನ್ನು ಎತ್ತಿಟ್ಟು ನುಡಿಸಬೇಕೆಂದು ಬೆಥೋವನ್ ಬರೆದಿದ್ದಾನೆ. ಅವನ ಕಾಲದ ವಾದ್ಯದಲ್ಲಿ ಸ್ವರ ಬೇಗ ಕ್ಷೀಣಿಸುತ್ತಿದ್ದುದರಿಂದ ಅದು ಮಂಜಿನಂತೆ ಕೇಳಿಸಿರಬೇಕು. ಇಂದಿನ ದೊಡ್ಡ ಪಿಯಾನೋದಲ್ಲಿ ಹಾಗೆಯೇ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಹೆಚ್ಚಿನವರು ಸ್ವರಗುಚ್ಛ ಬದಲಾದಾಗ ಪೆಡಲನ್ನೂ ಬದಲಿಸುತ್ತಾರೆ. ನಿಮ್ಮ ಮುದ್ರಣದಲ್ಲಿ ಹಿಂದಿನ ಬಾರ್‌ನ ನೆರಳು ಮುಂದಿನದರ ಮೇಲೆ ಬೀಳುತ್ತಿದೆಯೇ, ಅಥವಾ ಪ್ರತಿ ಬಾರ್ ತೊಳೆದಂತೆ ಸ್ವಚ್ಛವಾಗಿದೆಯೇ ಎಂದು ಬರೆದುಕೊಳ್ಳಿ.

ಕೊನೆಗೆ ಏನಾಗುತ್ತದೆ? ನಾಲ್ಕು ನಿಮಿಷ ನಲವತ್ತು ಸೆಕೆಂಡು ದಾಟಿದ ಮೇಲೆ ಆ 'ಪ, ಪ, ಪ' ಮೇಲಿನಿಂದ ಕೆಳಕ್ಕೆ, ಎಡಗೈಗೆ ಇಳಿಯುತ್ತದೆ. ಅಷ್ಟು ಹೊತ್ತು ಮೇಲೆ ಕೇಳುತ್ತಿದ್ದ ದನಿ ನೆಲದಡಿಗೆ ಹೋದಂತೆ. ಇಯರ್‌ಫೋನ್ ಇಲ್ಲದೆ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಕೇಳಿದರೆ ಇದು ಕಿವಿಗೇ ಬೀಳುವುದಿಲ್ಲ. ಒಳ್ಳೆಯ ಇಯರ್‌ಫೋನ್ ಬೇಕೆಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಈಗ ಕಾಗದ ಬಿಚ್ಚಿ, ಮೊದಲು ಬರೆದ ಪದವನ್ನು ಓದಿ. ಅದು ಈ ಸಾಕ್ಷ್ಯಗಳ ಮುಂದೆ ನಿಲ್ಲುವುದಾದರೆ ಉಳಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಪದದ ಬದಲು ಒಂದು ವಾಕ್ಯ ಬರೆಯಿರಿ. ಕೆಂಪ್ಫ್ ಮುದ್ರಣಕ್ಕೆ ನಾನು ಬರೆದುಕೊಂಡ ವಾಕ್ಯ ಇದು: 'ಅಳು ಮುಗಿದ ಮೇಲಿನ ಮೌನ, ಲಯ ಎಲ್ಲೂ ಕುಸಿಯುವುದಿಲ್ಲ, ಅದರಿಂದಲೇ ದುಃಖಕ್ಕೆ ಘನತೆ ಬಂದಿದೆ.' ನಿಮ್ಮದು ಬೇರೆ ಇರಬಹುದು, ಇರಲಿ. ಯಾವ ಸೆಕೆಂಡಿನಲ್ಲಿ ಏನು ಕೇಳಿ ಹಾಗೆ ಬರೆದಿರಿ ಎಂದು ತೋರಿಸಲು ಬಂದರೆ ಸಾಕು.

ಮೈನರ್ ಎಂದರೆ ದುಃಖ ಎಂಬ ಸಿದ್ಧಸೂತ್ರವನ್ನು ಮಾತ್ರ ನಂಬಬೇಡಿ. ಇದೇ ಸೊನಾಟಾದ ಮೂರನೆಯ ಭಾಗ ಹಾಕಿ ನೋಡಿ. ಶ್ರುತಿ ಅದೇ ಕಪ್ಪು ಒಂದು, ಅದೇ ಮೈನರ್. ಸೂಚನೆ 'ಪ್ರೆಸ್ಟೊ ಅಜಿತಾತೊ', ಅತಿವೇಗ ಮತ್ತು ಕ್ಷೋಭೆ. ಅಲ್ಲಿ ಕೇಳಿಸುವುದು ಶೋಕವಲ್ಲ, ಕಟ್ಟೆಯೊಡೆದ ಕೋಪ. ಶ್ರುತಿಯೂ ಗಾಂಧಾರವೂ ಬದಲಾಗದೆ ಭಾವ ಇಷ್ಟು ದೂರ ಹೋಗಬಲ್ಲದು ಎಂದಾದರೆ, ಬದಲಾದದ್ದು ವೇಗ, ದನಿ ಮತ್ತು ಅಲೆ ಹೋಗುವ ದಿಕ್ಕು.

ಇದಾದ ಮೇಲೆ ಎರಡನೆಯ ಮುದ್ರಣ ತೆಗೆದುಕೊಳ್ಳಿ, ಷಿಫ್ ಅವರದು. ಎಲ್ಲವನ್ನೂ ಮೊದಲಿನಿಂದ ಮಾಡಬೇಕಿಲ್ಲ. ಅವಧಿ ನೋಡಿ ಸರಾಸರಿ ಲೆಕ್ಕ ಹಾಕಿ, ತಲೆ ಎರಡು ಸಲ ತೂಗುತ್ತದೋ ನಾಲ್ಕು ಸಲವೋ ನೋಡಿ, ಆ ಶುದ್ಧ ರಿಷಭದ ಹತ್ತು ಸೆಕೆಂಡನ್ನು ಕೇಳಿ, ಪೆಡಲಿನ ನೆರಳು ಗಮನಿಸಿ. ಎರಡು ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟಾಗ ಒಂದೇ ಸ್ವರಗಳಿಂದ ಇಬ್ಬರು ಏನೇನು ಮಾಡಿದ್ದಾರೆಂದು ತಾನಾಗಿ ಕಾಣುತ್ತದೆ.

ಒಂದು ಮಾತು ಬಾಕಿ ಇದೆ. ಮೊದಲ ಭಾಗದ ಕೊನೆಯ ಎರಡು ಸ್ವರಗುಚ್ಛಗಳು ಮುಗಿದ ಕೂಡಲೇ ಬೆರಳು ನಿಲ್ಲಿಸುವ ಗುಂಡಿಯ ಕಡೆ ಹೋಗುತ್ತದೆ. ತಡೆಯಿರಿ. ಮುಂದಿನದನ್ನು ಬಿಡುವಿಲ್ಲದೆ ಶುರು ಮಾಡಬೇಕೆಂದು ಬೆಥೋವನ್ ಅಲ್ಲಿ ಬರೆದಿದ್ದಾನೆ. ತಂಬೂರಿಯನ್ನೂ ನಿಲ್ಲಿಸಬೇಡಿ. ಎರಡನೆಯ ಭಾಗದ ಶ್ರುತಿಗೆ ಪುಸ್ತಕದಲ್ಲಿ ಡಿ ಫ್ಲಾಟ್ ಮೇಜರ್ ಎಂಬ ಹೊಸ ಹೆಸರಿದೆ, ಆದರೆ ಪಿಯಾನೋದ ಮೇಲೆ ಅದು ಅದೇ ಕಪ್ಪು ಒಂದು. ಷಡ್ಜ ಕದಲಿಲ್ಲ, ಪಂಚಮ ಕದಲಿಲ್ಲ. ಐದೂವರೆ ನಿಮಿಷ ಸಾಧಾರಣದಲ್ಲಿದ್ದ ಗಾಂಧಾರ ಒಂದೇ ಒಂದು ಮನೆ ಮೇಲೇರಿ ಅಂತರ ಗಾಂಧಾರವಾಗುತ್ತದೆ, ಆ ಕ್ಷಣವನ್ನು ಕೇಳಿ.